ಗ್ಯಾಲಕ್ಸಿ ಗುಚ್ಛಗಳು ಮತ್ತು ದೈತ್ಯ ಕಪ್ಪುಕುಳಿಗಳು

ಗ್ಯಾಲಕ್ಸಿ ಗುಚ್ಛವೆಂದರೆ ನೂರಾರು, ಕೆಲವೊಮ್ಮೆ ಸಾವಿರಾರು ಗ್ಯಾಲಕ್ಸಿಗಳು ತಮ್ಮದೇ ಗುರುತ್ವದ ಬಲೆಯಲ್ಲಿ ಕೂಡಿಕೊಂಡಿರುವ ಸಮೂಹ. ಗುರುತ್ವ ಕಟ್ಟಿಹಾಕಿರುವ ರಚನೆಗಳಲ್ಲಿ ಇದಕ್ಕಿಂತ ದೊಡ್ಡದು ವಿಶ್ವದಲ್ಲಿ ಇಲ್ಲ. ಇಂಥದೊಂದರ ರಾಶಿ ಸೂರ್ಯನ ರಾಶಿಯ 100 ಲಕ್ಷ ಕೋಟಿಯಿಂದ 1,000 ಲಕ್ಷ ಕೋಟಿ ಪಟ್ಟು. ಗುಚ್ಛದ ನಡುಮಧ್ಯದ ಗ್ಯಾಲಕ್ಸಿಯ ಎದೆಯಲ್ಲಿ ಸಾಮಾನ್ಯವಾಗಿ ಒಂದು ದೈತ್ಯ ಕಪ್ಪುಕುಳಿ ಇರುತ್ತದೆ. ಕೃಷ್ಣವಿವರ, ಕೃಷ್ಣರಂಧ್ರ ಎಂದೂ ಇದನ್ನು ಕರೆಯುತ್ತಾರೆ. ಇದರ ರಾಶಿ ಕೋಟಿಗಟ್ಟಲೆ ಸೂರ್ಯರಿಂದ ಸಾವಿರಾರು ಕೋಟಿ ಸೂರ್ಯರವರೆಗೆ ಇರಬಹುದು. ಕೇಳುವುದಕ್ಕೆ ಅಗಾಧವೆನಿಸಿದರೂ ಗುಚ್ಛದ ಲೆಕ್ಕದಲ್ಲಿ ಅದು ಹತ್ತು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಆದರೂ ಗುಚ್ಛದ ಒಡಲು ಎಷ್ಟು ಬಿಸಿಯಿರಬೇಕು, ಅಲ್ಲಿ ಎಷ್ಟು ಹೊಸ ನಕ್ಷತ್ರಗಳು ಹುಟ್ಟಬೇಕು ಎಂಬುದನ್ನು ಬಹುಮಟ್ಟಿಗೆ ಅದೇ ನಿರ್ಧರಿಸುತ್ತದೆ. ಗುಚ್ಛವೂ ಸುಮ್ಮನಿರುವುದಿಲ್ಲ, ಕುಳಿಗೆ ಉಣಿಸುವುದೂ ಅದರ ಉಣಿಸು ಕಸಿಯುವುದೂ ಅದೇ.

ಅಳತೆಯ ಅಂತರ ಮನಸ್ಸಿಗೆ ಬರಲು ಒಂದು ಸಾಸಿವೆ ಕಾಳು ಸಾಕು. ಕನ್ಯಾ ಗುಚ್ಛದ ಎಂ87 ಗ್ಯಾಲಕ್ಸಿಯಲ್ಲಿರುವ, 650 ಕೋಟಿ ಸೂರ್ಯರ ರಾಶಿಯ ಕಪ್ಪುಕುಳಿಯನ್ನು ಬೆಳಕು ಅಡ್ಡ ಹಾಯಲು ಸುಮಾರು 36 ಗಂಟೆ ಬೇಕು. 2019ರ ಏಪ್ರಿಲ್ 10ರಂದು ಬಿಡುಗಡೆಯಾದ ಚಿತ್ರದಲ್ಲಿ ಜಗತ್ತು ಕಂಡದ್ದು ಇದೇ ಕುಳಿಯ ನೆರಳನ್ನು. ಅದನ್ನು 2 ಮಿ.ಮೀ. ಸಾಸಿವೆಯಾಗಿಸಿ ಕೋಲಾರದ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನ ರೈಲು ನಿಲ್ದಾಣದಲ್ಲಿ ಇಟ್ಟರೆ, ಅದು ಹೊರಗೆ ಉಗುಳಿದ ರೇಡಿಯೋ ಮೋಡದ ಅಂಚು ಬಂಗಾರಪೇಟೆ, ಕೋಲಾರಗಳನ್ನು ದಾಟಿ ಹೊಸಕೋಟೆಯ ಆಚೆಗೆ ಬೀಳುತ್ತದೆ. ಸಾಸಿವೆಯೊಂದು ಒಂದು ಜಿಲ್ಲೆಯ ಹವೆಯನ್ನು ಆಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಗುಚ್ಛದೊಳಗಿನ ಅನಿಲ

ಗುಚ್ಛದ ಫೋಟೋದಲ್ಲಿ ಎದ್ದು ಕಾಣುವುದು ಗ್ಯಾಲಕ್ಸಿಗಳು; ತೂಕದಲ್ಲಿ ಅವು ನಗಣ್ಯ. ಒಟ್ಟು ರಾಶಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಕಣ್ಣಿಗೆ ಬೀಳದ ಕಪ್ಪುದ್ರವ್ಯ. ಉಳಿದುದರಲ್ಲಿ ಬಹುಪಾಲು ಗ್ಯಾಲಕ್ಸಿಗಳ ನಡುವಿನ ಬಯಲನ್ನು ತುಂಬಿರುವ ತೆಳು ಅನಿಲ. ನಕ್ಷತ್ರಗಳ ಪಾಲು ನೂರರಲ್ಲಿ ಕೆಲವೇ. ಈ ಅನಿಲ ಒಂದು ಕೋಟಿಯಿಂದ ಹತ್ತು ಕೋಟಿ ಡಿಗ್ರಿಯಷ್ಟು ಕಾದಿರುತ್ತದೆ. ಆದರೆ ಎಷ್ಟು ವಿರಳವೆಂದರೆ, ಗುಚ್ಛದ ಅಂಚಿನಲ್ಲಿ ಒಂದು ಲೀಟರ್ ಪಾತ್ರೆ ಹಿಡಿದರೆ ಒಂದೆರಡು ಕಣ ಸಿಗಬಹುದು. ನಡುಭಾಗದಲ್ಲಿ ಹಿಡಿದರೆ ಹತ್ತಾರು. ಅಷ್ಟು ಬಿಸಿಯ ಅನಿಲ ಹೊಳೆಯುವುದು ಕ್ಷ-ಕಿರಣದಲ್ಲಿ. ಆ ಕಿರಣಗಳನ್ನು ಭೂಮಿಯ ವಾತಾವರಣ ನುಂಗಿಬಿಡುವುದರಿಂದ ಗುಚ್ಛಗಳ ನಿಜರೂಪ ಕಾಣಲು ಮೊದಲು ಬಲೂನು, ರಾಕೆಟ್ಟುಗಳು, ಕೊನೆಗೆ ಉಪಗ್ರಹಗಳು ಬೇಕಾದವು. 1970ರ ಡಿಸೆಂಬರ್‌ನಲ್ಲಿ ಹಾರಿದ ಉಹುರು ಉಪಗ್ರಹ, ಗುಚ್ಛಗಳ ಕ್ಷ-ಕಿರಣ ಒಂದು ಚುಕ್ಕೆಯಿಂದ ಬರುತ್ತಿಲ್ಲ, ಇಡೀ ಗುಚ್ಛವೇ ಹೊಳೆಯುತ್ತಿದೆ ಎಂದು ತೋರಿಸಿತು.

ಚಾಂಪಿಯನ್ ರೀಫ್ಸ್‌ನ ನಂಟು

ಕ್ಷ-ಕಿರಣದ ಆಕಾಶಕ್ಕೆ ಭಾರತ ಏರಿದ ಮೆಟ್ಟಿಲುಗಳ ಮೊದಲ ಕೆಲವು ನೆಲದ ಕೆಳಗಿದ್ದವು. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಹೋಮಿ ಭಾಭಾ ಅವರ ಸಲಹೆಯಂತೆ 1950ರ ದಶಕದ ಮೊದಲಲ್ಲೇ ಕಾಸ್ಮಿಕ್ ಕಿರಣಗಳನ್ನು ಅಳೆಯಲು ಕೋಲಾರದ ಚಿನ್ನದ ಗಣಿಗೆ ಇಳಿದರು. ಮೇಲಿಂದ ಸುರಿಯುವ ಮ್ಯುಆನ್ ಕಣಗಳು ಬಂಡೆಯನ್ನು ಎಷ್ಟು ಆಳದವರೆಗೆ ತೂರಬಲ್ಲವು ಎಂಬುದು ಪ್ರಶ್ನೆ. 3 ಕಿ.ಮೀ. ದಾಟಿ ತೋಡಿದ್ದ ಚಾಂಪಿಯನ್ ರೀಫ್ ಗಣಿ ಆಗ ಜಗತ್ತಿನ ಅತ್ಯಾಳದ ಗಣಿಗಳಲ್ಲಿ ಒಂದು. 1960ರ ದಶಕದ ಆರಂಭದಲ್ಲಿ ವಿಜ್ಞಾನಿಗಳಾದ ಮಿಯಾಕೆ, ನರಸಿಂಹಂ, ರಮಣಮೂರ್ತಿ ಅವರು 2,760 ಮೀಟರ್ ಆಳದಲ್ಲಿ ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಕಣ ದಾಖಲಾಗಲಿಲ್ಲ. ಬೇರೆಯವರಿಗೆ ಸೋಲಾಗಿ ಕಾಣಬಹುದಾದ ಈ ಶೂನ್ಯವೇ ಅವರಿಗೆ ಸಿಕ್ಕ ಬಹುಮಾನ. ಮ್ಯುಆನ್‌ಗಳ ಗದ್ದಲ ಅಡಗಿದ ಜಾಗದಲ್ಲಿ ಬಂಡೆಯನ್ನು ಲೆಕ್ಕಿಸದ ನ್ಯೂಟ್ರಿನೋಗಳ ಸದ್ದು ಕೇಳಬಹುದು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳು ಸೇರಿ ಸುಮಾರು 2.3 ಕಿ.ಮೀ. ಆಳದಲ್ಲಿ ಪತ್ತೆಯಂತ್ರಗಳನ್ನು ಕಟ್ಟಿದವು. ಭಾರತದ ಕಡೆಯಿಂದ ಮುಂದಾಳತ್ವ ಎಂ.ಜಿ.ಕೆ. ಮೆನನ್ ಅವರದು, ಹುಟ್ಟಿದ್ದು ಮಂಗಳೂರಿನಲ್ಲಿ, 1928ರಲ್ಲಿ. ಕಣ ಹಾಯ್ದರೆ ಮಿನುಗುವ ಪ್ಲಾಸ್ಟಿಕ್ ಫಲಕಗಳನ್ನು ಎರಡು ಗೋಡೆಗಳಂತೆ ನೆಟ್ಟಗೆ ನಿಲ್ಲಿಸಿದ್ದರು. ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲು. ಎರಡೂ ಗೋಡೆ ಒಟ್ಟಿಗೆ ಮಿನುಗಿದರೆ ಕೊಳವೆಗಳಿಗೆ ವಿದ್ಯುತ್ ಹರಿದು, ಕಣ ಹಾದ ದಾರಿ ಕಿತ್ತಳೆ ಗೀಟಾಗಿ ಹೊತ್ತಿಕೊಳ್ಳುತ್ತಿತ್ತು. ಕ್ಯಾಮೆರಾ ಅದನ್ನು ಹಿಡಿಯುತ್ತಿತ್ತು. ಗೋಡೆಗಳು ನೆಟ್ಟಗೆ ನಿಂತದ್ದಕ್ಕೆ ಕಾರಣವಿದೆ. ಇಷ್ಟು ಆಳದಲ್ಲಿ ಮೇಲಿಂದ ಬರುವ ಅಳಿದುಳಿದ ಕಣ ನೆಟ್ಟಗೇ ಬರಬೇಕು. ಅಡ್ಡಡ್ಡ ಬಂದದ್ದು ನ್ಯೂಟ್ರಿನೋ ಬಂಡೆಯೊಳಗೇ ಹುಟ್ಟಿಸಿದ್ದು. ಅಂಥ ಗೀಟು 1965ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಮನುಷ್ಯ ಹಿಡಿದದ್ದು ಅದೇ ವರ್ಷ, ಎರಡು ಚಿನ್ನದ ಗಣಿಗಳಲ್ಲಿ: ಒಂದು ಇಲ್ಲಿ, ಇನ್ನೊಂದು ದಕ್ಷಿಣ ಆಫ್ರಿಕಾದಲ್ಲಿ ಫ್ರೆಡ್ ರೈನ್ಸ್ ತಂಡದಿಂದ. ಅವರಿಗೆ ಕಣ ಮೊದಲು ಸಿಕ್ಕಿತು. ಕೋಲಾರದವರ ಪ್ರಬಂಧ ಎರಡು ವಾರ ಮೊದಲು ಅಚ್ಚಾಯಿತು. ಮೊದಲಿಗರು ಯಾರು ಎಂಬ ಜಗಳಕ್ಕೆ ಇದಕ್ಕಿಂತ ನ್ಯಾಯವಾದ ತೀರ್ಪು ಸಿಗುವುದು ಕಷ್ಟ.

ಕಪ್ಪುಕುಳಿಯ ಲೇಖನಕ್ಕೆ ಇದು ಹೇಗೆ ಸಂಬಂಧ ಎಂದರೆ, ಗಣಿಯಲ್ಲಿ ಪಳಗಿದ ಕೈಗಳೇ ಮುಂದೆ ಮೇಲಕ್ಕೆ ತಿರುಗಿದವು. ಶ್ರೀಕಂಠನ್ 1960ರ ದಶಕದ ಕೊನೆಯಲ್ಲಿ ಟಾಟಾ ಸಂಸ್ಥೆಯಲ್ಲಿ ಕ್ಷ-ಕಿರಣ ಖಗೋಳವಿಜ್ಞಾನಕ್ಕೆ ನೆಲೆ ಹಾಕಿದರು. ಹೈದರಾಬಾದಿನಿಂದ ಹಾರಿಸಿದ ಬಲೂನುಗಳ ಗುರಿಗಳಲ್ಲಿ ಸಿಗ್ನಸ್ ಎಕ್ಸ್-1 ಒಂದು. ಕಪ್ಪುಕುಳಿ ಎಂದು ವಿಜ್ಞಾನಿಗಳು ಮೊದಲು ವ್ಯಾಪಕವಾಗಿ ಒಪ್ಪಿದ ಕಾಯ ಅದೇ. ಆ ಪರಂಪರೆಯ ಫಲ, 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಏರಿದ ಆಸ್ಟ್ರೋಸ್ಯಾಟ್. ಅದರ ನೇರಳಾತೀತ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಜೋಡಿಸಿದ್ದು ಹೊಸಕೋಟೆಯಲ್ಲಿ, ಮೆನನ್ ಅವರದೇ ಹೆಸರು ಹೊತ್ತ ಪ್ರಯೋಗಾಲಯದಲ್ಲಿ. ಈ ದೂರದರ್ಶಕ ಮುಂದೆ ಮತ್ತೆ ಬರಲಿದೆ.

ತಣಿಯಬೇಕಾದದ್ದು ತಣಿಯಲಿಲ್ಲ

ಗಣಿಯ ತಳದಲ್ಲಿ ಬಂಡೆಯ ತಾಪ 60 ಡಿಗ್ರಿ ದಾಟುತ್ತಿತ್ತು. ಕೆಲಸಗಾರ ಬದುಕಬೇಕಾದರೆ ಮೇಲಿನಿಂದ ತಂಪುಗಾಳಿ ಇಳಿಸಲೇಬೇಕಿತ್ತು. ಯಂತ್ರ ನಿಂತರೆ ಗಣಿ ಕಾಯುತ್ತಿತ್ತು. ಗುಚ್ಛದ ಸ್ಥಿತಿ ಇದರ ತಿರುವುಮುರುವು. ಕ್ಷ-ಕಿರಣ ಸೂಸುವುದೆಂದರೆ ಶಾಖ ಕಳೆದುಕೊಳ್ಳುವುದು. ಅನಿಲ ದಟ್ಟವಾದಷ್ಟೂ ಈ ನಷ್ಟ ಬೇಗ. ಹಾಗಾಗಿ ಗುಚ್ಛದ ನಡುಭಾಗ ನೂರು ಕೋಟಿ ವರ್ಷಗಳೊಳಗೇ ತಣಿದು, ಕುಸಿದು, ಕೇಂದ್ರದ ಗ್ಯಾಲಕ್ಸಿಗೆ ಹೊಳೆಯಂತೆ ಹರಿಯಬೇಕು. 1977ರಲ್ಲಿ ಖಗೋಳವಿಜ್ಞಾನಿಗಳಾದ ಕೌವಿ ಮತ್ತು ಬಿನ್ನಿ, ಫೇಬಿಯನ್ ಮತ್ತು ನಲ್ಸನ್ ಬೇರೆಬೇರೆಯಾಗಿ ಹಾಕಿದ ಲೆಕ್ಕ ಇದು. ಕೆಲವು ಗುಚ್ಛಗಳಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು ಅನಿಲ ತಣಿದು ಸುರಿಯಬೇಕಿತ್ತು.

ಸುರಿದ ಅನಿಲ ಎಲ್ಲಿ? ಹುಡುಕಿದವರಿಗೆ ಅಷ್ಟು ಹೊಸ ನಕ್ಷತ್ರಗಳು ಸಿಗಲಿಲ್ಲ. ಕಾಲು ಶತಮಾನ ಈ ಗಂಟು ಬಿಡಲಿಲ್ಲ. 2001ರ ಹೊತ್ತಿಗೆ ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹದ ರೋಹಿತಗಳು ಬಂದಾಗ ಪ್ರಶ್ನೆಯೇ ಬದಲಾಯಿತು. ಅನಿಲ ಆರಂಭದ ತಾಪದ ಮೂರನೇ ಒಂದು ಪಾಲಿನವರೆಗೆ ತಣಿಯುತ್ತದೆ, ಅಲ್ಲಿಂದ ಕೆಳಗೆ ಹೋದದ್ದು ತೀರ ಕಡಿಮೆ. ಒಲೆಯ ಮೇಲಿಟ್ಟ ಹಾಲು ಆರದಂತೆ ಯಾರೋ ಕೆಳಗೆ ಕೆಂಡ ಸರಿಸುತ್ತಿದ್ದಾರೆ ಎಂದಾಯಿತು.

ಗುಳ್ಳೆಗಳು

ಕೆಂಡ ಸರಿಸುವವನ ಗುರುತು ಸಿಕ್ಕಿದ್ದು ಪರ್ಸಿಯಸ್ ಗುಚ್ಛದಲ್ಲಿ. ನಮ್ಮ ನಕ್ಷತ್ರವೀಕ್ಷಕರು ಪಾರ್ಥ ಎಂದು ಕರೆಯುವ ನಕ್ಷತ್ರಪುಂಜದ ದಿಕ್ಕಿನಲ್ಲಿ, 24 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಅದು ಇದೆ. ಕ್ಷ-ಕಿರಣದಲ್ಲಿ ಆಕಾಶದ ಅತ್ಯಂತ ಪ್ರಕಾಶಮಾನವಾದ ಗುಚ್ಛ ಅದೇ. 1993ರಲ್ಲಿ ರೋಸ್ಯಾಟ್ ಉಪಗ್ರಹ, 2000ದಲ್ಲಿ ಇನ್ನೂ ಸ್ಪಷ್ಟವಾಗಿ ಚಂದ್ರಾ ವೀಕ್ಷಣಾಲಯ, ಅದರ ಕೇಂದ್ರದ ಗ್ಯಾಲಕ್ಸಿ ಎನ್‌ಜಿಸಿ 1275ರ ಎರಡೂ ಬದಿ ಅನಿಲದಲ್ಲಿ ಕಪ್ಪು ಪೊಳ್ಳುಗಳನ್ನು ತೋರಿಸಿದವು. ಅದೇ ಜಾಗವನ್ನು ರೇಡಿಯೋದಲ್ಲಿ ನೋಡಿದರೆ ಪೊಳ್ಳು ತುಂಬ ಹೊಳಪು. ಕಪ್ಪುಕುಳಿಯ ಸುತ್ತ ಸುಳಿಯುವ ದ್ರವ್ಯದಿಂದ ಬೆಳಕಿನ ವೇಗದ ಹತ್ತಿರ ಚಿಮ್ಮುವ ಜೆಟ್‌ಗಳು ಬಿಸಿ ಅನಿಲವನ್ನು ಬದಿಗೊತ್ತಿ ಗುಳ್ಳೆ ಊದಿದ್ದವು. ಹಳೆಯ ಗುಳ್ಳೆಗಳು ನೀರಿನೊಳಗಿನ ಗಾಳಿಯಂತೆ ಮೇಲೇರುತ್ತ ದೂರದಲ್ಲಿ ಮಂಕಾಗಿ ಕಾಣುತ್ತಿದ್ದವು. ಅಂದರೆ ಈ ಊದುವಿಕೆ ಒಮ್ಮೆ ನಡೆದು ಮುಗಿದದ್ದಲ್ಲ.

ಗುಳ್ಳೆಗಳ ಆಚೆ ಅಲೆಗಳ ಉಂಗುರಗಳಿದ್ದವು. 2003ರಲ್ಲಿ ಫೇಬಿಯನ್ ತಂಡ ಅವನ್ನು ಶಬ್ದತರಂಗ ಎಂದು ಓದಿತು: ಪಿಯಾನೋದ ನಡುಸ್ವರಕ್ಕಿಂತ 57 ಸ್ಥಾಯಿ ಕೆಳಗಿನ ಸ್ವರ. ನಮ್ಮ ಗವಾಯಿಗಳ ಅತಿಮಂದ್ರ ಇದರ ಮುಂದೆ ಕೀರಲು. ಒಂದು ಅಲೆ ಹಾದು ಇನ್ನೊಂದು ಬರಲು 96 ಲಕ್ಷ ವರ್ಷ ಬೇಕು. ಈಚೆಗೆ ಅಂತರ್ಜಾಲದಲ್ಲಿ ಹರಿದಾಡುವ ‘ಕಪ್ಪುಕುಳಿಯ ಸದ್ದು’ ಈ ಅಲೆಗಳನ್ನು ಕಿವಿಗೆ ಕೇಳುವಷ್ಟು ಏರಿಸಿ 2022ರಲ್ಲಿ ನಾಸಾ ಮಾಡಿದ್ದು. ನೇರ ಧ್ವನಿಮುದ್ರಣವೆಂದು ನಂಬಿದವರು ಬಹಳ.

ಪರ್ಸಿಯಸ್ ಸೌಮ್ಯ ಸ್ವಭಾವದ್ದು. 260 ಕೋಟಿ ಜ್ಯೋತಿರ್ವರ್ಷ ದೂರದ ಎಂಎಸ್ 0735 ಗುಚ್ಛದ ಒಂದೊಂದು ಗುಳ್ಳೆ ಆರು ಲಕ್ಷ ಜ್ಯೋತಿರ್ವರ್ಷ ಅಗಲ. ಇದನ್ನು 2005ರಲ್ಲಿ ಮೆಕ್‌ನಮಾರಾ ಮತ್ತು ಜೊತೆಗಾರರು ವರದಿ ಮಾಡಿದರು. ಅದನ್ನೂ ಮೀರಿಸಿದ್ದು 39 ಕೋಟಿ ಜ್ಯೋತಿರ್ವರ್ಷ ದೂರದ ಒಫಿಯೂಕಸ್ ಗುಚ್ಛ. ಅಲ್ಲಿನ ಕ್ಷ-ಕಿರಣ ಚಿತ್ರದಲ್ಲಿ ಒಂದು ಬಾಗಿದ ಅಂಚು ಕಂಡಿತ್ತು. ಅದು ಗುಳ್ಳೆಯ ಅಂಚಿರಬಹುದೆಂಬ ಮಾತಿಗೆ, ಇಷ್ಟು ಶಕ್ತಿ ಎಲ್ಲಿಂದ ಬರಬೇಕು ಎಂಬ ಸಂಶಯ ಅಡ್ಡ ಬಂದಿತ್ತು. 2020ರಲ್ಲಿ ಆಸ್ಟ್ರೇಲಿಯಾದ ಒಂದು ರೇಡಿಯೋ ಜಾಲವೂ ಪುಣೆ ಬಳಿಯ ಖೋಡದ್‌ನಲ್ಲಿರುವ ನಮ್ಮ ಜಿ.ಎಂ.ಆರ್.ಟಿ. ರೇಡಿಯೋ ದೂರದರ್ಶಕವೂ ಆ ಅಂಚಿನೊಳಗೆ ರೇಡಿಯೋ ಹೊಳಪು ಭರ್ತಿಯಾಗಿರುವುದನ್ನು ತೋರಿಸಿದಾಗ ಸಂಶಯ ಬಿತ್ತು. ನಮ್ಮ ಹಾಲುಹಾದಿಯಂಥ ಹದಿನೈದು ಗ್ಯಾಲಕ್ಸಿಗಳನ್ನು ಸಾಲಾಗಿ ಜೋಡಿಸಬಹುದಾದಷ್ಟು ದೊಡ್ಡ ಪೊಳ್ಳು ಅದು.

ಶಕ್ತಿಯ ಲೆಕ್ಕ ನೋಡಿದರೆ ಬೆರಗು ಸ್ವಲ್ಪ ಇಳಿಯುತ್ತದೆ. ಕುಳಿಗೆ ಬೀಳುವ ದ್ರವ್ಯದ ರಾಶಿಯಲ್ಲಿ ಹತ್ತನೇ ಒಂದು ಪಾಲು ಶಕ್ತಿಯಾಗಿ ಹೊರಬಂದರೂ, ಪರ್ಸಿಯಸ್‌ನ ನಡುಭಾಗ ಕಳೆದುಕೊಳ್ಳುವ ಶಾಖವನ್ನು ತುಂಬಿಕೊಡಲು ವರ್ಷಕ್ಕೆ ಸೂರ್ಯನ ಐದನೇ ಒಂದು ಪಾಲಿನಷ್ಟು ಆಹಾರ ಸಾಕು. ನೂರಾರು ಸೂರ್ಯರಷ್ಟು ಅನಿಲ ಕುಸಿಯದಂತೆ ತಡೆಯಲು ಕಾಲುಭಾಗಕ್ಕೂ ಕಡಿಮೆ ಸೂರ್ಯ. ಗುಚ್ಛದ ಖರ್ಚು ತೂಗಿಸಲು ಕುಳಿ ದೊಡ್ಡದಿರಬೇಕಿಲ್ಲ. ಹೊತ್ತುಹೊತ್ತಿಗೆ ಉಣ್ಣುತ್ತಿದ್ದರೆ ಆಯಿತು.

ಮಳೆ

ಆ ಹೊತ್ತು ಯಾವುದೆಂದು ಕುಳಿಗೆ ತಿಳಿಯುವುದು ಹೇಗೆ? ನನ್ನ ಮಟ್ಟಿಗೆ ಇಡೀ ವಿಷಯದ ಸ್ವಾರಸ್ಯ ಇಲ್ಲಿದೆ, ಇಲ್ಲಿ ಬೆಂಗಳೂರಿನ ಕೊಡುಗೆಯೂ ದೊಡ್ಡದು. ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪ್ರತೀಕ್ ಶರ್ಮ, ಮೈಕೆಲ್ ಮೆಕೋರ್ಟ್, ಎಲಿಯಟ್ ಕ್ವಾಟಾರ್ಟ್ ಮೊದಲಾದವರ ಜೊತೆ 2012ರಲ್ಲಿ ಪ್ರಕಟಿಸಿದ ಕೆಲಸ ಎರಡು ಕಾಲಗಳನ್ನು ಹೋಲಿಸುತ್ತದೆ. ಒಂದು, ಅನಿಲದ ತುಣುಕು ತಣಿಯಲು ಬೇಕಾದ ಕಾಲ. ಇನ್ನೊಂದು, ಅದು ಕೇಂದ್ರಕ್ಕೆ ತಡೆಯಿಲ್ಲದೆ ಬೀಳಲು ಬೇಕಾದ ಕಾಲ. ಮೊದಲನೆಯದು ಎರಡನೆಯದರ ಹತ್ತು ಪಟ್ಟಿಗಿಂತ ಬಹಳ ಹೆಚ್ಚಿದ್ದರೆ ಅನಿಲ ನಯವಾಗಿ ಉಳಿಯುತ್ತದೆ. ಹತ್ತರ ಆಸುಪಾಸಿಗೆ ಇಳಿದರೆ ಅಲ್ಲಲ್ಲಿ ತಣ್ಣನೆಯ ಗಟ್ಟಿ ಎಳೆಗಳು ಕೂಡಿಕೊಂಡು ಕೇಂದ್ರದತ್ತ ಉದುರತೊಡಗುತ್ತವೆ.

ಮೋಡ ಕಟ್ಟಿದ್ದೆಲ್ಲ ಮಳೆಯಾಗುವುದಿಲ್ಲ ಎಂದು ಕೋಲಾರದ ರೈತರಿಗೆ ಹೇಳಿಕೊಡಬೇಕಿಲ್ಲ. ಗುಚ್ಛದಲ್ಲೂ ಹಾಗೆಯೇ. ಮಳೆ ಬಿದ್ದರೆ ಕುಳಿಗೆ ಊಟ. ಉಂಡ ಕುಳಿ ಜೆಟ್ ಚಿಮ್ಮಿಸುತ್ತದೆ. ಜೆಟ್ ಅನಿಲ ಕಾಯಿಸಿ ಮಳೆ ನಿಲ್ಲಿಸುತ್ತದೆ. ಮಳೆ ನಿಂತರೆ ಕುಳಿ ಹಸಿದು ಸುಮ್ಮನಾಗುತ್ತದೆ, ಅನಿಲ ಮತ್ತೆ ತಣಿಯುತ್ತದೆ. ದೇವವ್ರತ್ ಪ್ರಸಾದ್, ಶರ್ಮ, ಆರಿಫ್ ಬಾಬುಲ್ ಅವರ 2015ರ ಗಣಕ ಮಾದರಿಗಳಲ್ಲಿ ಈ ಸುತ್ತು ತಾನಾಗಿಯೇ ಮತ್ತೆಮತ್ತೆ ಬಂತು. ಎನ್‌ಜಿಸಿ 1275ರ ಸುತ್ತ ಬಿಳಿಗೂದಲಿನಂತೆ ಹರಡಿರುವ ತಂಪು ಅನಿಲದ ಎಳೆಗಳು ಇಂಥ ಮಳೆಯ ಗುರುತು ಎಂಬುದು ಹಲವರ ಅಭಿಪ್ರಾಯ. ಇದಕ್ಕೂ ಮೊದಲು, 2004ರಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್ ಮತ್ತು ಜೊತೆಗಾರರು, ಸೋಡಾ ನೊರೆಯಂತೆ ಏರುವ ಗುಳ್ಳೆಗಳು ಅನಿಲವನ್ನು ಎಲ್ಲ ಕಡೆ ಹದವಾಗಿ ಕಾಯಿಸುವ ಬಗೆಯನ್ನು ಗುಚ್ಛಗಳಿಗೆ ಅನ್ವಯಿಸಿ ತೋರಿಸಿದ್ದರು.

ಹದವಾಗಿ ಎಂಬ ಪದದಲ್ಲೇ ತಕರಾರು ಇರುವುದು. ಜೆಟ್ ಎರಡು ದಿಕ್ಕಿಗೆ ಚಿಮ್ಮುತ್ತದೆ, ಅನಿಲ ಸುತ್ತಲೂ ಇದೆ. ಶಾಖ ಹಂಚುವುದು ಶಬ್ದತರಂಗವೋ, ಕಲಕಾಟವೋ, ಗುಳ್ಳೆಯಿಂದ ಸೋರುವ ಕಾಸ್ಮಿಕ್ ಕಿರಣವೋ ಎಂಬ ಚರ್ಚೆ ನಿಂತಿಲ್ಲ. ಜಪಾನಿನ ಹಿತೋಮಿ ಉಪಗ್ರಹ 2016ರ ಫೆಬ್ರವರಿಯಲ್ಲಿ ಹಾರಿ ಮುಂದಿನ ತಿಂಗಳೇ ನಾಶವಾಯಿತು. ಸಾಯುವ ಮುನ್ನ ಪರ್ಸಿಯಸ್‌ನ ಅನಿಲ ಸೆಕೆಂಡಿಗೆ ಸುಮಾರು 164 ಕಿ.ಮೀ. ವೇಗದಲ್ಲಷ್ಟೇ ಕಲಕುತ್ತಿದೆ ಎಂದು ಅಳೆದುಕೊಟ್ಟಿತು. ಅಷ್ಟೊಂದು ಗುಳ್ಳೆಗಳ ನಡುವೆ ಇಷ್ಟು ಪ್ರಶಾಂತತೆಯನ್ನು ಬಹಳ ಮಂದಿ ನಿರೀಕ್ಷಿಸಿರಲಿಲ್ಲ. ಅದರ ಉತ್ತರಾಧಿಕಾರಿ ಕ್ರಿಸ್ಮ್ 2023ರ ಸೆಪ್ಟೆಂಬರ್‌ನಿಂದ ಕಕ್ಷೆಯಲ್ಲಿದೆ.

ಎಲ್ಲ ಕುಳಿಗಳೂ ಶಿಸ್ತಿನವಲ್ಲ. 2012ರಲ್ಲಿ ವರದಿಯಾದ ಫೀನಿಕ್ಸ್ ಗುಚ್ಛದ ಕೇಂದ್ರದಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು ನಕ್ಷತ್ರಗಳು ಹುಟ್ಟುತ್ತಿವೆ. ಅಲ್ಲಿ ಮಳೆ ಜೆಟ್‌ಗೆ ಬಗ್ಗುತ್ತಿಲ್ಲ.

ಗುಚ್ಛದ ಕೈವಾಡ

ಇಲ್ಲಿಯವರೆಗೆ ಕುಳಿ ಗುಚ್ಛವನ್ನು ಆಳಿದ ಕಥೆ. ತಿರುಗಿಸಿ ನೋಡಿದರೂ ಅಷ್ಟೇ ಸಾಮಗ್ರಿ ಇದೆ. ಅತ್ಯಂತ ಭಾರದ ಕಪ್ಪುಕುಳಿಗಳು ಸಿಗುವುದು ಹೆಚ್ಚಾಗಿ ಗುಚ್ಛಗಳ ಕೇಂದ್ರದಲ್ಲಿ, ಏಕೆಂದರೆ ಅಲ್ಲಿನ ಗ್ಯಾಲಕ್ಸಿ ಬೇರೆಯವುಗಳನ್ನು ನುಂಗುತ್ತ ಬೆಳೆದದ್ದು, ನುಂಗಿದವುಗಳ ಕುಳಿಗಳೂ ಬಂದು ಕೂಡಿಕೊಳ್ಳುತ್ತವೆ. ಏಬಲ್ 85 ಗುಚ್ಛದ ಕೇಂದ್ರದಲ್ಲಿರುವ ಹೋಮ್ 15ಎ ಗ್ಯಾಲಕ್ಸಿಯ ಕುಳಿ 4,000 ಕೋಟಿ ಸೂರ್ಯರಷ್ಟು ಎಂದು 2019ರಲ್ಲಿ ಅಳೆದರು.

ಬಿಸಿ ಅನಿಲ ಜೆಟ್‌ಗಳನ್ನು ಬಾಗಿಸುತ್ತದೆ. ಪರ್ಸಿಯಸ್‌ನೊಳಗೆ ನುಗ್ಗುತ್ತಿರುವ ಎನ್‌ಜಿಸಿ 1265ರ ಎರಡು ಜೆಟ್‌ಗಳು ಬೈಕ್ ಸವಾರನ ಹಿಂದೆ ಹಾರುವ ಶಾಲಿನಂತೆ ಹಿಂದಕ್ಕೆ ಮಡಿಚಿಕೊಂಡಿವೆ. ರೈಲ್ ಮತ್ತು ವಿಂಡ್ರಾಂ ಕೇಂಬ್ರಿಜ್‌ನಿಂದ ಇದನ್ನು 1968ರಲ್ಲೇ ಕಂಡಿದ್ದರು.

ಹೊಸಕೋಟೆಯ ದೂರದರ್ಶಕ ಬರುವುದು ಇಲ್ಲಿ. ಅದೇ ಏಬಲ್ 85ರೊಳಗೆ ಜೆಒ201 ಎಂಬ ಗ್ಯಾಲಕ್ಸಿ ಸೆಕೆಂಡಿಗೆ 3,000 ಕಿ.ಮೀ. ಮೀರಿದ ವೇಗದಲ್ಲಿ ಬೀಳುತ್ತಿದೆ. ಎದುರಿನ ಬಿಸಿ ಅನಿಲ ಅದರ ಸ್ವಂತ ಅನಿಲವನ್ನು ಕಿತ್ತು ಹಿಂದಕ್ಕೆ ಎಳೆದಿದೆ. ಬಾಲ ಬಿಟ್ಟ ಇಂಥವನ್ನು ಲೋಳೆಮೀನು ಗ್ಯಾಲಕ್ಸಿ ಎನ್ನುತ್ತಾರೆ. ಇಟಲಿಯ ಬಿಯಾಂಕಾ ಪೊಜ್ಜಾಂಟಿ ತಂಡ 2017ರಲ್ಲಿ ಇಂಥ ಏಳು ಗ್ಯಾಲಕ್ಸಿಗಳನ್ನು ಪರೀಕ್ಷಿಸಿದಾಗ ಆರರಲ್ಲಿ ಕಪ್ಪುಕುಳಿ ಎಚ್ಚೆತ್ತು ಉಣ್ಣುತ್ತಿತ್ತು. ಹೊರಗಿನ ಒತ್ತಡ ಅನಿಲದ ಒಂದು ಪಾಲನ್ನು ಕಿತ್ತೊಯ್ದರೆ ಇನ್ನೊಂದು ಪಾಲನ್ನು ಒಳಕ್ಕೆ, ಕುಳಿಯ ಬಾಯಿಗೆ ತಳ್ಳುತ್ತಿತ್ತು. ಕೋಶಿ ಜಾರ್ಜ್ ಮತ್ತು ಜೊತೆಗಾರರು ಆಸ್ಟ್ರೋಸ್ಯಾಟ್‌ನ ನೇರಳಾತೀತ ಚಿತ್ರಗಳಲ್ಲಿ ಜೆಒ201ರ ಬಾಲದಲ್ಲೂ ಹೊಸ ನಕ್ಷತ್ರಗಳು ಹುಟ್ಟುತ್ತಿರುವುದನ್ನು ನೋಡಿದರು. 2019ರಲ್ಲಿ ಪ್ರಕಟಿಸಿದ ಮುಂದಿನ ಕೆಲಸದಲ್ಲಿ, ಅದೇ ಗ್ಯಾಲಕ್ಸಿಯ ನಡುಭಾಗದಲ್ಲಿ ಮಾತ್ರ ನೇರಳಾತೀತ ಹೊಳಪು ಕುಂದಿ ಒಂದು ಪೊಳ್ಳು ಬಿದ್ದಿದೆ ಎಂದೂ, ಅಲ್ಲಿ ನಕ್ಷತ್ರಜನನ ನಿಲ್ಲಿಸಿದ್ದು ಎಚ್ಚೆತ್ತ ಕುಳಿಯೇ ಎಂದೂ ವಾದಿಸಿದರು. ಗುಚ್ಛ ಕುಳಿಯನ್ನು ಎಬ್ಬಿಸಿತು, ಎದ್ದ ಕುಳಿ ಮನೆಯ ದೀಪ ಆರಿಸಿತು.

ಕಣಗಳ ಕಣಜ

ಜೆಟ್‌ಗಳು ಊದಿದ ಗುಳ್ಳೆಗಳಲ್ಲಿ ಶಕ್ತಿವಂತ ಕಣಗಳು ತುಂಬಿರುತ್ತವೆ. ಗುಚ್ಛದ ಕಾಂತಕ್ಷೇತ್ರ ಅದರೊಳಗಿನ ಪ್ರೋಟಾನ್‌ಗಳನ್ನು ನೂರಾರು ಕೋಟಿ ವರ್ಷ ಹೊರಬಿಡದೆ ಹಿಡಿದಿಡಬಲ್ಲದು. ಅವು ಅನಿಲಕ್ಕೆ ಡಿಕ್ಕಿ ಹೊಡೆದಾಗ ಗ್ಯಾಮಾ ಕಿರಣವೂ ನ್ಯೂಟ್ರಿನೋವೂ ಹುಟ್ಟಬೇಕು. ಗುಚ್ಛಗಳಿಂದ ಬಂದವೆಂದು ಖಚಿತವಾಗಿ ಹೇಳಬಹುದಾದ ನ್ಯೂಟ್ರಿನೋಗಳು ಇನ್ನೂ ಸಿಕ್ಕಿಲ್ಲ. ದೈತ್ಯ ಕಪ್ಪುಕುಳಿಗಳ ನೆರೆಯಿಂದ ಬಂದವು ಸಿಕ್ಕಿವೆ: ದಕ್ಷಿಣ ಧ್ರುವದ ಹಿಮದೊಳಗೆ ಒಂದು ಘನ ಕಿಲೋಮೀಟರ್ ಹರಡಿರುವ ಐಸ್‌ಕ್ಯೂಬ್, ಎನ್‌ಜಿಸಿ 1068 ಎಂಬ ಗ್ಯಾಲಕ್ಸಿಯ ದಿಕ್ಕಿನಿಂದ ಬಂದ 79 ನ್ಯೂಟ್ರಿನೋಗಳ ಗುರುತನ್ನು 2022ರಲ್ಲಿ ಪ್ರಕಟಿಸಿತು. ಅದರ ಉಪಕರಣಗಳು ನೇತಾಡುವುದು 1.45ರಿಂದ 2.45 ಕಿ.ಮೀ. ಆಳದಲ್ಲಿ, ಚಾಂಪಿಯನ್ ರೀಫ್ ಗಣಿಯ ನ್ಯೂಟ್ರಿನೋ ಗೋಡೆಗಳೂ ಇದ್ದದ್ದು ಹೆಚ್ಚುಕಡಿಮೆ ಅಷ್ಟೇ ಆಳದಲ್ಲಿ. ಕೋಲಾರದ ಭೂಗತ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು, ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಇದನ್ನು ಓದುತ್ತಿರುವುದು ಡಿಸೆಂಬರ್ ತಿಂಗಳಾದರೆ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಚಾಂಪಿಯನ್ ರೀಫ್ಸ್‌ನ ಸೈನೈಡ್ ದಿಬ್ಬಗಳಾಚೆ ದೀಪವಿಲ್ಲದ ಜಾಗದಲ್ಲಿ ಉತ್ತರಕ್ಕೆ ಮುಖಮಾಡಿ ನಿಂತು, ನೆತ್ತಿಯಿಂದ ತುಸು ಕೆಳಗೆ ನೋಡಿ. ಅಲ್ಲಿ ಆಲ್ಗಾಲ್ ಎಂಬ ನಕ್ಷತ್ರ ಸಿಗುತ್ತದೆ. ಅದರಿಂದ ಪೂರ್ವಕ್ಕೆ ನಾಲ್ಕು ಹುಣ್ಣಿಮೆ ಚಂದ್ರರ ಅಗಲದಷ್ಟು ಸರಿದರೆ ಪರ್ಸಿಯಸ್ ಗುಚ್ಛ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಎಂಟು ಅಂಗುಲದ ದೂರದರ್ಶಕ ಇದ್ದರೆ ಎನ್‌ಜಿಸಿ 1275 ಒಂದು ಮಸುಕು ಮಚ್ಚೆಯಾಗಿ ಕಾಣುತ್ತದೆ.